ಮೇಲಿನ ಪಾನಾ

ಕಬ್ಬಿನ ಟ್ರೇಲರಿನ ಭಾರವನ್ನು ಹಂಚುವ ಕೊಂಡಿಯ ಬ್ರಾಕೆಟ್ಟನ್ನು ಚೌಕಟ್ಟಿಗೆ ಬಿಗಿಯಲು ಇಬ್ಬರು ಬೇಕು. ಒಬ್ಬ ಮೇಲೆ ನಿಂತು ಬೋಲ್ಟಿನ ತಲೆಯನ್ನು ಪಾನಾದಿಂದ ಅದುಮಿ ಹಿಡಿಯಬೇಕು, ಇನ್ನೊಬ್ಬ ಅಡಿಯಲ್ಲಿ ಮಲಗಿ ನಟ್ಟು ತಿರುಗಿಸಬೇಕು. ಕಳೆದ ಸುಗ್ಗಿಯಲ್ಲಿ ಮೌನೇಶ ಮಿಸ್ತ್ರಿ ಅವಸರದಲ್ಲಿ ಒಬ್ಬನೇ ಬಿಗಿದಿದ್ದ. ಇಳಿಜಾರಿನಲ್ಲಿ ಬ್ರಾಕೆಟ್ಟು ಕಳಚಿ, ಬಂಡಿ ಮಗುಚಿ, ಚಾಲಕ ಗುರುಪಾದ ಸತ್ತ. ಆ ಸಾವು ಮಿಸ್ತ್ರಿಯ ಬೆನ್ನು ಬಿಟ್ಟಿರಲಿಲ್ಲ.

ಇಂದು ಅದೇ ಟ್ರೇಲರನ್ನು ಗುರುಪಾದನ ತಮ್ಮ ತಂದು ನಿಲ್ಲಿಸಿದ್ದ. ನಾಳೆಯಿಂದ ಅದನ್ನು ಓಡಿಸುವವನು ಅವನೇ.

ಮಿಸ್ತ್ರಿ ಅಡಿಗೆ ನುಸುಳಿ ಕೂಗಿದ: “ತಮ್ಮಾ, ಮ್ಯಾಲ ಗಟ್ಟಿ ಹಿಡಿಯಪಾ!”

“ಹಿಡದೀನಿ, ಕಾಕಾ.”

ನಟ್ಟು ಕಚ್ಚಿಕೊಂಡಿತು. “ಸಾಕಲ್ಲೋ?”

“ಇನ್ನೊಂದು ಸುತ್ತು ಹಾಕು. ಕೈಯಾಗ ಕಸುವು ಐತೋ, ಮುಪ್ಪು ಬಂತೋ?”

ಮಿಸ್ತ್ರಿಗೆ ಬಹಳ ದಿನಗಳ ಮೇಲೆ ನಗು ಬಂತು. “ನಿಮ್ಮಣ್ಣನೂ ಹಿಂಗ ಕಾಡಾಂವ,” ಎಂದು, ಕಬ್ಬಿಣ ನರಳುವಂತೆ ಇನ್ನೊಂದು ಸುತ್ತು ಹಾಕಿದ.

ಆಗ ರಸ್ತೆಯ ಕಡೆಯಿಂದ ಧೂಳುಗಾಲುಗಳು ಓಡೋಡಿ ಬಂದವು. ಗುರುಪಾದನ ತಮ್ಮ ಚಹಾದ ಲೋಟಗಳನ್ನು ನೆಲಕ್ಕಿಟ್ಟು, ಬಗ್ಗಿ ಇಣುಕಿದ.

“ತಡಾತು ಕಾಕಾ, ಅಂಗಡ್ಯಾಗ ಭಾಳ ಗದ್ಲ. ಈಗ ಮ್ಯಾಲ ಹತ್ತತೀನಿ ತಡಿ, ಪಾನಾ ಹಿಡೀಲಾಕ.”