ಹೇಮಂತ ಕೊಟ್ಟ ಕಾರ್ಡು

ವ್ಯಾಲೆಂಟೈನ್ಸ್ ಡೇಗೆ ತರಗತಿಯ ಎಲ್ಲ ಮಕ್ಕಳಿಗೂ ಮನೆಯಲ್ಲೇ ಕಾರ್ಡು ಮಾಡಿ ತರಬೇಕೆಂದು ಟೀಚರ್ ಹೇಳಿದ್ದರು. ಸುಕನ್ಯಾ ಕೆಂಪು ಕಾಗದ ಕತ್ತರಿಸುತ್ತಿದ್ದಳು, ಮಗಳು ಇಂಚರಾ ಅಂಟಿಸುತ್ತಿದ್ದಳು.

"ಹೇಮಂತಂಗೆ ನಾನು ಮಾಡಲ್ಲ. ಯಾವಾಗ್ಲೂ ಸಿಂಬಳ ಸುರಿಸ್ಕೊಂಡಿರ್ತಾನೆ, ಅಸಹ್ಯ."

"ಯಾರನ್ನೂ ಹಾಗನ್ನಬಾರ್ದು ಪುಟ್ಟಿ. ಅವನೂ ನಿನ್ನ ಹಾಗೇ ಒಂದು ಮಗು," ಎಂದು ಗದರಿದ ಸುಕನ್ಯಾ, ಎಲ್ಲಕ್ಕಿಂತ ದೊಡ್ಡ ಕಾರ್ಡನ್ನು ಅವನಿಗೆಂದೇ ಮಗಳ ಕೈಯಿಂದ ಮಾಡಿಸಿದಳು.

ಮರುದಿನ ಸಂಜೆ ಮಗಳನ್ನು ಕರೆತರಲು ಹೋದ ಸುಕನ್ಯಾಳ ಬಳಿಗೆ ಶಾಲೆಯ ಗೇಟಿನಲ್ಲಿ ಹೇಮಂತ ಓಡಿಬಂದ. ಮೂಗಿನಿಂದ ಇಳಿದದ್ದು ತುಟಿ ಮುಟ್ಟಿತ್ತು. ಅದನ್ನು ಅಂಗೈಯಲ್ಲಿ ಒರೆಸಿಕೊಂಡು, ಅದೇ ಕೈಯಲ್ಲಿ ಒಂದು ಕಾರ್ಡು ಚಾಚಿದ.

"ಆಂಟಿ, ಇದು ನಿಮ್ಗೆ. ನಾನೇ ಮಾಡಿದ್ದು."

ಸುಕನ್ಯಾ ಅದನ್ನು ತುದಿಬೆರಳಲ್ಲಿ ಹಿಡಿದು, "ಥ್ಯಾಂಕ್ಸ್ ಪುಟ್ಟ" ಎಂದಳು. ಅವನು ಅತ್ತ ತಿರುಗುವುದೇ ತಡ, ಕಾರ್ಡನ್ನು ಕಸದ ಡಬ್ಬಿಗೆ ಎಸೆದು, ಬಾಟಲಿಯ ನೀರಲ್ಲಿ ಬೆರಳುಗಳನ್ನು ತಿಕ್ಕಿ ತಿಕ್ಕಿ ತೊಳೆದಳು. ಇಂಚರಾ ಕಣ್ಣು ಮಿಟುಕಿಸದೆ ನೋಡುತ್ತ ನಿಂತಿದ್ದಳು.

ರಸ್ತೆ ದಾಟಿಸಲು ಸುಕನ್ಯಾ ಕೈ ಚಾಚಿದಾಗ ಮಗಳು ತನ್ನ ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು.

"ತೊಳ್ಕೊಂಡೆನಲ್ಲೇ, ಬಾ."

"ಅದಕ್ಕಲ್ಲಮ್ಮ. ನಿನ್ನ ಮುಟ್ಟಕ್ಕೇ ವಾಕರಿಕೆ ಬರ್ತಿದೆ."