ಕೇಕಿನ ಬತ್ತಿ, ಕಾರಿನ ಬೋಲ್ಟ್

ಮೇಣ ಕರಗುವ ವಾಸನೆ ಬಂದರೆ ಈಗಲೂ ನನಗೆ ಮೊದಲು ನೆನಪಾಗುವುದು ಕುವೈತಿನ ಹವಲ್ಲಿಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆ ಬಾನೆಟ್ ತೆರೆದು ನಿಂತಿದ್ದ ಹಳೇ ಕಾರು.

ಅವತ್ತು ಶುಕ್ರವಾರ, ನನ್ನ ಹುಟ್ಟುಹಬ್ಬ. ಅಪ್ಪ ಬೆಳಿಗ್ಗೆಯಿಂದ ಎಂಜಿನ್ನಿನ ನೀರಿನ ಪಂಪ್ ಬಿಚ್ಚುತ್ತಿದ್ದರು. ಕೊನೆಯ ಬೋಲ್ಟ್ ತುಕ್ಕು ಹಿಡಿದು ಅಲುಗಲೇ ಇಲ್ಲ.

"ಜೋರ್ ಮಾಡಿದ್ರ ಮುರೀತದ. ಕಾಯಿಸಿ ಮೇಣ ಹಚ್ಚಿದ್ರ ಕರಗಿ ಒಳಗ ಇಳೀತದ" ಅಂದರು.

ಮನೆಯಲ್ಲಿದ್ದ ಮೇಣವೆಂದರೆ ನಾನು ಹಟ ಮಾಡಿ ತರಿಸಿದ್ದ ಕೇಕಿನ ಮೇಣದಬತ್ತಿಗಳು. ಅವ್ವ ಖುಷಿಯಿಂದಲೇ ಪೊಟ್ಟಣ ತಂದು ನನ್ನ ಕೈಗಿಟ್ಟಳು. "ಹುಟ್ಟಿದ ದಿನ ದೀಪ ಆರಸೂದು ನಮ್ಮಲ್ಲಿಲ್ಲ. ಆರತಿ ಮಾಡ್ತೀನಿ, ಸಾಕು."

ಗುಲಾಬಿ, ಹಳದಿ ಬತ್ತಿಗಳನ್ನು ನಾನೇ ಅಳುತ್ತಾ ಅಪ್ಪನ ಕೈಗೆ ಕೊಟ್ಟೆ. ಕಾದ ಬೋಲ್ಟಿಗೆ ತಾಗಿದ್ದೇ ಚುರ್ರೆಂದು ಕರಗಿದವು. ಅಪ್ಪ ಬೋಲ್ಟ್ ತಿರುಗಿಸುವ ಪಾನಾ ಹಾಕಿ ಒತ್ತಿದರು. ಬೋಲ್ಟ್ ಕಿರ್ರೆಂದು ತಿರುಗಿತು. "ಖಲಾಸ್!" ಎಂದು ಅವರು ಕೂಗಿದಾಗ ನಾನೂ ಅಳು ಮರೆತು ಕುಣಿದೆ.

ಸಂಜೆ ಅವ್ವ ಆರತಿ ಎತ್ತಿದಳು. ಆಮೇಲೆ ಕೇಕ್ ಮುಂದಿಟ್ಟು, ಸೆರಗಿನ ಗಂಟು ಬಿಚ್ಚಿ ಒಂದು ನೀಲಿ ಬತ್ತಿ ತೆಗೆದಳು. ತಾನೇ ಅದನ್ನು ಹಚ್ಚಿ, ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

"ಹೂಂ, ಊದು. ನಾ ನೋಡಂಗಿಲ್ಲ."