ಮೋಡ ಮುಟ್ಟಿ ಬಂದ ಚೆಂಡು

ಗಾಜಿನ ಅಂಗಡಿಯಲ್ಲಿ ಏಣಿ ಹತ್ತಿದ್ದ ಮೇಸ್ತ್ರಿ ಕೈಯಿಂದ ಕುಂಬಳಕಾಯಿ ಗಾತ್ರದ ದೀಪ ಜಾರಿತು. ಕೆಳಗೆ ಒಂದು ಡಜನ್ ಲೋಟದ ತಟ್ಟೆ ಹಿಡಿದು ಹೋಗ್ತಿದ್ದ ಕ್ಯಾಚಪ್ಪ ಹಿಂದೆಮುಂದೆ ನೋಡಲಿಲ್ಲ. ತಟ್ಟೆ ಬಿಟ್ಟ, ಹಾರಿದ, ಕಪಾಟಿಗೆ ಭುಜ ಗುದ್ದಿಸಿಕೊಂಡು, ದೀಪವನ್ನ ಹೊಟ್ಟೆಗೆ ಅವುಚಿಕೊಂಡು ದೊಪ್ಪನೆ ನೆಲಕ್ಕೆ ಕೂತ. ದೀಪಕ್ಕೆ ಒಂದು ಗೀರೂ ಇಲ್ಲ. ಲೋಟ ಒಂದೂ ಉಳಿಯಲಿಲ್ಲ.

ಕ್ಯಾಚಪ್ಪ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಮೇಸ್ತ್ರಿ ಇಟ್ಟಿದ್ದು. ಹತ್ತೊಂಬತ್ತು ವರ್ಷದ ಹಿಂದೆ ಅಂಗಡಿಯವರ ಕ್ರಿಕೆಟ್ ಫೈನಲ್‌ನಲ್ಲಿ, ಮೇಸ್ತ್ರಿ ಹಾಕಿದ ಕೊನೇ ಬಾಲಿಗೆ ಎದ್ದ ಕ್ಯಾಚನ್ನ ಇವನು ಬಿಟ್ಟಿದ್ದ. ಸೋಪಿನ ಅಂಗಡಿಯವರು ಟ್ರೋಫಿ ಹೊತ್ಕೊಂಡು ಹೋದರು. ಅವತ್ತಿಂದ ಇವನಿಗೆ ಬಸ್ಸು ತಪ್ಪಿದರೂ "ಕ್ಯಾಚ್ ಬಿಟ್ಟ", ಬಡ್ತಿ ತಪ್ಪಿದರೂ "ಕ್ಯಾಚ್ ಬಿಟ್ಟ". ಮನೇಲಿ ಹಾಲು ಉಕ್ಕಿದರೆ ಹೆಂಡತಿಯೂ ಅದನ್ನೇ ಅಂತಾಳೆ.

ಟೀ ಹೊತ್ತಿಗೆ ಮೇಸ್ತ್ರಿ ದಿನಾ ಆ ಕಥೆ ಹೇಳ್ತಾರೆ. ಮೊದಲನೇ ವರ್ಷ ಚೆಂಡು ಮರದೆತ್ತರ ಹೋಗಿತ್ತು. ಹತ್ತನೇ ವರ್ಷಕ್ಕೆ ಹದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಈ ವರ್ಷ ಮೋಡದೊಳಗೆ ಹೊಕ್ಕು ಒದ್ದೆಯಾಗಿ ಇಳೀತು. "ಎಷ್ಟು ಟೈಮಿತ್ತು ಗೊತ್ತೇನ್ರೋ? ಈ ಮಹಾರಾಯ ಊಟ ಮುಗಿಸಿ, ಕೈ ತೊಳ್ಕೊಂಡು ಬಂದು ಹಿಡೀಬಹುದಿತ್ತು!"

ಲೋಟ ಒಡೆದ ಸದ್ದು ಕೇಳಿ ಅಂಗಡಿ ಯಜಮಾನಿ ಒಳಕೋಣೆಯಿಂದ ಬಂದರು. "ಯಾರದು ಕೈ ಜಾರಿಸಿದ್ದು?"

ಏಣಿ ಮೇಲೆ ಮೇಸ್ತ್ರಿ ಮುಖ ಸುಣ್ಣ ಬಳಿದ ಹಾಗಾಯ್ತು. ಅವರ ಬೆರಳು ನಡುಗೋದನ್ನ ನೋಡಿ ಹೋದ ವಾರ ತಾನೇ ಯಜಮಾನಿ, "ಇನ್ನೊಂದು ಸಲ ಕೈ ಜಾರಿದ್ರೆ ಮನೇಲಿ ಆರಾಮಾಗಿರಿ ಮೇಸ್ತ್ರಿ" ಅಂದಿದ್ದರು.

"ಅಮ್ಮಾ, ಅದು ನಾನು..." ಅಂತ ಮೇಸ್ತ್ರಿ ಶುರು ಮಾಡಿದರು.

ಕ್ಯಾಚಪ್ಪ ಮಡಿಲಲ್ಲಿದ್ದ ದೀಪ ನೋಡಿದ. ಹತ್ತೊಂಬತ್ತು ವರ್ಷದ ಮೇಲೆ ಸಿಕ್ಕಿದ ಕ್ಯಾಚು. ನಡೆದಿದ್ದನ್ನ ನಡೆದ ಹಾಗೆ ಹೇಳಿದ್ರೆ ಸಾಕು, ಇವತ್ತಿಗೆ ಆ ಹೆಸರು ಹೋಗ್ತಿತ್ತು.

"ನಾನೇ ಅಮ್ಮಾ," ಅಂದ. "ಮೇಸ್ತ್ರೀ, ದೀಪ ಕೊಡಿ ಒರೆಸ್ತೀನಿ ಅಂತ ಕೈ ಚಾಚಿದೆ. ಕೈಲಿ ತಟ್ಟೆ ಇದ್ದಿದ್ದೇ ಮರೆತೋಯ್ತು."

"ಇನ್ನೂ ಎಷ್ಟು ಕ್ಯಾಚ್ ಬಿಡ್ತೀಯೋ ಮಾರಾಯ! ಏಳು, ಪೊರಕೆ ತಗೊಂಬಾ," ಅಂದರು ಯಜಮಾನಿ.

ಟೀ ಹೊತ್ತಾಯ್ತು. ಮೇಸ್ತ್ರಿ ಲೋಟವನ್ನ ಎರಡೂ ಕೈಲಿ ಹಿಡ್ಕೊಂಡು ಕಥೆ ಶುರು ಮಾಡಿದರು. ಚೆಂಡು ಏರಿತು, ಹದ್ದು ಸರೀತು, ಮೋಡದೊಳಗೆ ಹೊಕ್ಕಿತು. ಎಲ್ಲರೂ ನಗೋಕೆ ತಯಾರಾಗಿ ಕೂತರು. ಕ್ಯಾಚಪ್ಪ ಭುಜ ನೀವ್ಕೊಳ್ತಾ ಮೂಲೇಲಿ ನಿಂತಿದ್ದ. ಮೇಸ್ತ್ರಿ ಒಂದು ಗುಟುಕು ಕುಡಿದರು.

"ಹಿಡೀತಿದ್ದ ಕಣ್ರೋ. ಪಾಪ, ಸರಿಯಾಗಿ ಆಗಲೇ ಬಿಸಿಲು ಕಣ್ಣಿಗೆ ಹೊಡೀತು."

"ಮೋಡ ಇತ್ತು ಅಂದ್ರಲ್ಲ ಮೇಸ್ತ್ರೀ!" ಅಂದ ಗುಮಾಸ್ತ.

"ಬಾಲ್ ಹಾಕಿದ್ದು ನೀನೋ, ನಾನೋ?"